ಸರ್ಟಿಫಿಕೇಟ್ ಉಂಟು, ರಾಡ್ ಹಿಡಿಯಲು ಬರುವುದಿಲ್ಲ: ನಮ್ಮ ಜಿಲ್ಲೆಯ ತರಬೇತಿ ಕೇಂದ್ರಗಳ ಲೆಕ್ಕ ಯಾರು ಕೇಳಬೇಕು?

ಬೈಕಂಪಾಡಿ ಫ್ಯಾಬ್ರಿಕೇಟರ್

ಹೋದ ತಿಂಗಳು ನಮ್ಮ ವರ್ಕ್‌ಶಾಪಿಗೆ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದ. ವಯಸ್ಸು ಇಪ್ಪತ್ತು ಇರಬಹುದು. ಫೈಲಿನಲ್ಲಿ ವೆಲ್ಡಿಂಗ್ ಸರ್ಟಿಫಿಕೇಟ್, ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನವಾಗಿ ಇಟ್ಟಿದ್ದ. ಯಾರೇ ಬರಲಿ, ನಾನು ಮೊದಲು ಒಂದು ತುಂಡು ಪ್ಲೇಟ್ ಕೊಟ್ಟು ಒಂದು ಲೈನ್ ಎಳೆಯಲು ಹೇಳುತ್ತೇನೆ. 6 ಎಂಎಂ ಪ್ಲೇಟ್, 3.15 ಎಂಎಂ ರಾಡ್. ಮೆಷಿನ್ ಕರೆಂಟ್ 60 ಆಂಪಿಯರಿನಲ್ಲಿತ್ತು, ಈ ರಾಡಿಗೆ ಅದು ಸಾಲದು. ಬೇಕಂತಲೇ ಹಾಗೆ ಬಿಟ್ಟಿದ್ದೆ, ನೋಡಿ ನೂರರ ಮೇಲೆ ಏರಿಸುತ್ತಾನಾ ಅಂತ. ಏರಿಸಲಿಲ್ಲ. ರಾಡ್ ಮುಟ್ಟಿಸಿದ, ಅಂಟಿಕೊಂಡಿತು. ಕಿತ್ತು ಮತ್ತೆ ಮುಟ್ಟಿಸಿದ, ಮತ್ತೆ ಅಂಟಿತು. ಮೂರನೇ ಸಲ ಹೋಲ್ಡರ್ ಹಿಡಿದು ಅಲ್ಲಾಡಿಸುವಾಗ ಅವನ ಕೈ ನಡುಗುತ್ತಿತ್ತು. ನಾನು ಮೆಷಿನ್ ಆಫ್ ಮಾಡಿ ಚಾ ತರಿಸಿದೆ.

ಚಾ ಕುಡಿಯುತ್ತಾ ವಿಚಾರಿಸಿದೆ. ಮೂರು ತಿಂಗಳ ಕೋರ್ಸ್. ಬ್ಯಾಚಿನಲ್ಲಿ ಮೂವತ್ತು ಜನ, ಮೆಷಿನ್ ಎರಡು, ಅದರಲ್ಲಿ ಒಂದು ಹೆಚ್ಚಿನ ದಿನ ಕೆಟ್ಟೇ ಇರುತ್ತಿತ್ತಂತೆ. ಇಡೀ ಕೋರ್ಸಿನಲ್ಲಿ ಅವನು ಸುಟ್ಟ ರಾಡ್ ಹೆಚ್ಚೆಂದರೆ ಹದಿನೈದು. ನಮ್ಮಲ್ಲಿ ಹೊಸದಾಗಿ ಸೇರಿದವ ಒಂದು ಬೆಳಿಗ್ಗೆಯೊಳಗೆ ಅಷ್ಟು ಸುಡುತ್ತಾನೆ. ಪರೀಕ್ಷೆಯ ದಿನ ಹೊರಗಿನಿಂದ ಒಬ್ಬರು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು, ಕೆಲವು ಪ್ರಶ್ನೆ ಕೇಳಿದರು, ಆಯ್ತು. ಅವನ ಅಮ್ಮ ಬೀಡಿ ಕಟ್ಟುತ್ತಾರೆ. ದಿನಾ ಬಸ್ಸಿನ ಖರ್ಚು ಕೊಟ್ಟು ಮಗನನ್ನು ಕಳಿಸಿದ್ದು ಆ ದುಡ್ಡಿನಲ್ಲೇ.

ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ಅವನನ್ನು ಹೆಲ್ಪರ್ ಆಗಿ ಇಟ್ಟುಕೊಂಡಿದ್ದೇನೆ, ಸಂಜೆ ಒಂದು ಗಂಟೆ ಸ್ಕ್ರ್ಯಾಪ್ ಪ್ಲೇಟಿನ ಮೇಲೆ ಕಲಿಯುತ್ತಾನೆ. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ಒಂದು ಕಡೆ ಸುರತ್ಕಲ್‌ನಿಂದ ಪಣಂಬೂರಿನವರೆಗೆ ರಿಫೈನರಿ, ಗೊಬ್ಬರದ ಕಾರ್ಖಾನೆ, ಬಂದರು ಎಲ್ಲ ಉಂಟು. ಮಲ್ಪೆಯಲ್ಲಿ ಹಡಗು ಕಟ್ಟುತ್ತಾರೆ. ಕಾರ್ಖಾನೆ ನಿಲ್ಲಿಸಿ ಮಾಡುವ ದೊಡ್ಡ ಶಟ್‌ಡೌನ್ ರಿಪೇರಿ ಕೆಲಸ ಬಂದಾಗ ಕಂಟ್ರಾಕ್ಟರ್‌ಗಳು ಹೊರರಾಜ್ಯದಿಂದ ವೆಲ್ಡರ್, ಭಾರ ಎತ್ತಿ ಕೂರಿಸುವ ರಿಗ್ಗರ್‌ಗಳನ್ನು ಬಸ್ಸಿನಲ್ಲಿ ತುಂಬಿಸಿ ತರುತ್ತಾರೆ. ಇನ್ನೊಂದು ಕಡೆ ಇದೇ ಊರಿನ ಹುಡುಗರು ಸರ್ಟಿಫಿಕೇಟ್ ಹಿಡಿದು ಮೊಬೈಲ್ ಅಂಗಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಯಾವ ಕೇಂದ್ರ ಎಷ್ಟು ಸರ್ಟಿಫಿಕೇಟ್ ಕೊಟ್ಟಿತು ಅಂತ ಎಣಿಸುವುದನ್ನು ನಿಲ್ಲಿಸಬೇಕು. ಎರಡು ವರ್ಷದ ನಂತರ ಕಲಿತವರಲ್ಲಿ ಎಷ್ಟು ಜನ ಅದೇ ಕೆಲಸದಲ್ಲಿದ್ದಾರೆ ಅಂತ ಎಣಿಸಬೇಕು, ಆ ಸಂಖ್ಯೆಯನ್ನು ಕೇಂದ್ರದ ಬಾಗಿಲಿನಲ್ಲೇ ಬರೆದು ಹಾಕಿಸಬೇಕು. ಯಾವ ಕೋರ್ಸ್ ಬೇಕು, ಎಷ್ಟು ಸೀಟ್ ಬೇಕು ಅನ್ನುವುದನ್ನು ಜಿಲ್ಲೆಯಲ್ಲೇ ನಿರ್ಧರಿಸಬೇಕು. ನೀವೆಲ್ಲ ಏನು ಹೇಳುತ್ತೀರಿ?

ಮಲ್ಪೆ ದಕ್ಕೆ

ಅಣ್ಣ, ನೂರಕ್ಕೆ ನೂರು ಸರಿ. ನಮ್ಮ ಕಡೆಯದ್ದೂ ಹೇಳುತ್ತೇನೆ ಕೇಳಿ.

ಡೀಪ್ ಸೀ ಬೋಟ್ ಒಂದು ಸಲ ಹೋದರೆ ಹತ್ತು ದಿನ ಬರುವುದಿಲ್ಲ. ಹೋದ ವರ್ಷ ನಮ್ಮ ಬೋಟ್ ನಾಲ್ಕನೇ ದಿನಕ್ಕೆ ಎಂಜಿನ್ ಹೀಟ್ ಆಗಿ ನಿಂತಿತು. ಆಮೇಲೆ ಗೊತ್ತಾದದ್ದು, ನೀರೆಳೆಯುವ ಕಡೆ ಪ್ಲಾಸ್ಟಿಕ್ ಸಿಕ್ಕಿ ಪಂಪಿಗೆ ನೀರು ಹೋಗದೆ ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ) ಹರಿದಿತ್ತು. ಅಷ್ಟೇ. ಬದಲಿ ಇಂಪೆಲ್ಲರ್ ಬೋಟಿನಲ್ಲೇ ಉಂಟು, ಡಬ್ಬದಲ್ಲಿ. ಹಾಕಲು ಗೊತ್ತಿದ್ದವರು ಯಾರೂ ಇಲ್ಲ. ಬೋಟ್ ನಡೆಸುವ ತಾಂಡೇಲರಿಗೆ ಮೀನು ಎಲ್ಲಿ ಅಂತ ನೀರಿನ ಬಣ್ಣ ನೋಡಿ ಗೊತ್ತಾಗುತ್ತದೆ, ಎಂಜಿನ್ ಬಿಚ್ಚಲು ಅವರಿಗೆ ಯಾರೂ ಕಲಿಸಿಲ್ಲ. ಇನ್ನೊಂದು ಬೋಟಿನವರು ಅವರ ಮೀನುಗಾರಿಕೆ ಬಿಟ್ಟು ನಮ್ಮನ್ನು ಎಳೆದುಕೊಂಡು ಬಂದರು. ಎರಡು ಬೋಟಿನ ಡೀಸೆಲ್, ಐಸ್, ಹತ್ತು ಹತ್ತು ಜನರ ದುಡಿಮೆ ಹೋಯಿತು.

ಈಗ ನೀವೇ ಹೇಳಿ, ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆ ಎಲ್ಲ ಸೇರಿಸಿದರೆ ಎಷ್ಟು ಬೋಟ್ ಉಂಟು. ಮರೈನ್ ಡೀಸೆಲ್ ಕಲಿಸುವ, ಐಸ್ ಪ್ಲಾಂಟಿನ ಅಮೋನಿಯಾ ಕಂಪ್ರೆಸರ್ ನಡೆಸಲು ಕಲಿಸುವ ಕೋರ್ಸ್ ನಮ್ಮ ಮಕ್ಕಳಿಗೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ? ಕಂಪ್ಯೂಟರ್ ಬೇಸಿಕ್, ಟ್ಯಾಲಿ ಬೇಕಾದರೆ ಪ್ರತಿ ಪೇಟೆಯಲ್ಲಿ ಮೂರು ಮೂರು ಬೋರ್ಡ್.

ಇನ್ನೊಂದು ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವಂತಿಲ್ಲ. ನಮ್ಮವರೆಲ್ಲ ಆಗ ದಡದಲ್ಲಿ. ಬಲೆ ಹೊಲಿಯುವುದು, ಬಣ್ಣ ಬಳಿಯುವುದು ಬಿಟ್ಟರೆ ಕೆಲಸ ಕಡಿಮೆ. ತರಬೇತಿ ಕೊಡುವುದಿದ್ದರೆ ಆ ಎರಡು ತಿಂಗಳು ಕೊಡಿ ಅಂತ ನಾವು ಕೇಳುತ್ತಲೇ ಇದ್ದೇವೆ. ಬರುವುದು ಡಿಸೆಂಬರಿನಲ್ಲಿ, ಒಳ್ಳೆ ಸೀಸನ್ ನಡುವೆ. ಯಾಕೆ ಅಂದರೆ ಅವರ ಟಾರ್ಗೆಟ್ ಮಾರ್ಚ್‌ಗೆ ಮುಗಿಯಬೇಕು.

ನಿವೃತ್ತ ಜೆಟಿಒ, ಕದ್ರಿ

ಸರ್ಕಾರಿ ಐಟಿಐಯಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ (ಜೆಟಿಒ) ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ನಾಲ್ಕು ಮಾತು ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಐಟಿಐ ಬೇರೆ, ಮೂರು ತಿಂಗಳ ಕೋರ್ಸ್ ಬೇರೆ, ಬೀದಿಯಲ್ಲಿ ಬೋರ್ಡ್ ಹಾಕಿದ ಖಾಸಗಿ ಡಿಪ್ಲೊಮಾ ಬೇರೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಐಟಿಐಯ ವೆಲ್ಡರ್ ಟ್ರೇಡ್ ಒಂದು ವರ್ಷ, 1,200 ಗಂಟೆ, ಒಂದು ಯೂನಿಟ್‌ಗೆ 20 ಮಕ್ಕಳು, 80 ಶೇಕಡಾ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ. ಕೊರತೆ ಅಲ್ಲಿಯೂ ಇದೆ, ಆದರೆ ಹದಿನೈದು ರಾಡ್ ಸುಟ್ಟು ಪಾಸಾಗಲು ಅಲ್ಲಿ ಆಗುವುದಿಲ್ಲ.

ಅಲ್ಲಿನ ತೊಂದರೆ ಬೇರೆ ರೀತಿಯದು. ಪಠ್ಯಕ್ರಮ ಇಡೀ ದೇಶಕ್ಕೆ ಒಂದೇ, ದೆಹಲಿಯ ತರಬೇತಿ ಮಹಾನಿರ್ದೇಶನಾಲಯ ಮಾಡುತ್ತದೆ. ಹೊಸ ಟ್ರೇಡ್ ತೆರೆಯಬೇಕಾದರೆ ಜಾಗ, ಮೆಷಿನ್, ಬೋಧಕರು ಎಲ್ಲ ತೋರಿಸಿ ಅನುಮತಿ ಪಡೆಯಬೇಕು. ಅದು ತಪ್ಪಲ್ಲ, ಒಂದು ಮಟ್ಟ ಇರಬೇಕಲ್ಲ. ನಮ್ಮ ರಾಜ್ಯ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿತು, ಒಳ್ಳೊಳ್ಳೆ ಮೆಷಿನ್ ಬಂದವು, ಮಕ್ಕಳು ಖುಷಿಯಿಂದ ಮುಟ್ಟಿ ನೋಡಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಹೊಸ ಕೋರ್ಸುಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗೂ ಒಂದೇ. ರಾಯಚೂರಿಗೂ ಉಡುಪಿಗೂ ಒಂದೇ ಪಟ್ಟಿ ಅಂದರೆ ಮಲ್ಪೆಯವರು ಕೇಳಿದ ಮರೈನ್ ಡೀಸೆಲ್ ಅದರಲ್ಲಿ ಬರುವುದಾದರೂ ಹೇಗೆ?

ನಿಯಂತ್ರಣದ ಬಗ್ಗೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಎನ್‌ಸಿವಿಇಟಿ ಅಂತ ವೃತ್ತಿ ತರಬೇತಿಯನ್ನು ನಿಯಂತ್ರಿಸುವ ಒಂದು ಸಂಸ್ಥೆ ಮಾಡಿತು. ಹಳೆಯ ವೃತ್ತಿ ತರಬೇತಿ ಮಂಡಳಿ ಎನ್‌ಸಿವಿಟಿ ಅದರೊಳಗೆ ಸೇರಿತು. ಅದು ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳನ್ನು, ಪರೀಕ್ಷೆ ಮಾಡುವ ಏಜೆನ್ಸಿಗಳನ್ನು ನೋಡುತ್ತದೆ. ನಮ್ಮ ಊರಿನ ಒಂದು ಕೇಂದ್ರದಲ್ಲಿ ಮೆಷಿನ್ ನಡೆಯುತ್ತದಾ ಇಲ್ಲವಾ ಅಂತ ಬಂದು ನೋಡುವುದು ಅದರ ಕೆಲಸ ಅಲ್ಲ, ಅದು ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಜವಾಬ್ದಾರಿ. ಅವರು ಎಲ್ಲೋ ದೂರದಲ್ಲಿ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೌಶಲ್ಯ ಸಮಿತಿ ಉಂಟು, ಜಿಲ್ಲಾ ಕೌಶಲ್ಯ ಯೋಜನೆ ತಯಾರಿಸುವ ಕೆಲಸವೂ ಅದರದ್ದೇ. 2018ರಲ್ಲಿ ವಿಶ್ವಬ್ಯಾಂಕ್ ನೆರವಿನ ಸಂಕಲ್ಪ್ ಯೋಜನೆ ಬಂದ ಮೇಲೆ ಇದಕ್ಕೆ ಸ್ವಲ್ಪ ಬಲ ಬಂತು. ಆದರೆ ಯೋಜನೆ ಬರೆಯುವ ಸಮಿತಿಗೆ ಒಂದು ಕೆಟ್ಟ ಕೇಂದ್ರದ ಸೀಟ್ ಕಡಿಮೆ ಮಾಡುವ ಅಧಿಕಾರ ಇಲ್ಲದಿದ್ದರೆ ಆ ಯೋಜನೆ ಕಪಾಟಿನಲ್ಲೇ ಇರುತ್ತದೆ.

ಕಾಪು ಸಿಸ್ಟರ್

ನಾನು ನರ್ಸ್. ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ ಈಗ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಹುಡುಗಿಯರ ಒಂದು ಸಣ್ಣ ತಂಡ ನಡೆಸುತ್ತೇನೆ. ನೀವು ಗಂಡಸರು ಬರೀ ವೆಲ್ಡಿಂಗ್, ಎಂಜಿನ್ ಅಂತಲೇ ಮಾತಾಡುತ್ತೀರಿ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ಪ್ರತಿ ಎರಡನೇ ಮನೆಯಲ್ಲಿ ಮಕ್ಕಳು ಬೆಂಗಳೂರು, ಮುಂಬೈ, ದುಬೈ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಆರೈಕೆ ಮಾಡುವವರು ಬೇಕು ಅಂತ ದಿನಕ್ಕೆ ಐದಾರು ಫೋನ್ ಬರುತ್ತದೆ ನನಗೆ. ಕಳಿಸಲು ಜನ ಇಲ್ಲ.

ಕೋರ್ಸ್ ಮುಗಿಸಿ ಬಂದ ಒಬ್ಬ ಹುಡುಗಿಯನ್ನು ಪಾರ್ಶ್ವವಾಯು ಆದ ಒಬ್ಬರು ಅಜ್ಜನ ಮನೆಗೆ ಕರೆದುಕೊಂಡು ಹೋಗಿದ್ದೆ. ಅಜ್ಜನನ್ನು ಮಗ್ಗುಲು ಮಾಡು ಅಂದೆ. ಅವಳು ಹೋಗಿ ತೋಳು ಹಿಡಿದು ಎಳೆದಳು. ಅಜ್ಜ ನೋವಿನಿಂದ ಕೂಗಿದರು. ಮಂಡಿ ಮಡಿಸಿ, ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಕೊಟ್ಟು, ಹಾಸಿದ ಬಟ್ಟೆಯ ಸಮೇತ ತನ್ನ ಕಡೆಗೆ ತಿರುಗಿಸಿಕೊಳ್ಳಬೇಕು. ಎರಡು ಗಂಟೆಗೊಮ್ಮೆ ತಿರುಗಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಇದು ಆರೈಕೆಯ ಮೊದಲ ಪಾಠ. ಅವಳಿಗೆ ಕೋರ್ಸಿನಲ್ಲಿ ಒಂದು ಬೊಂಬೆ ತೋರಿಸಿದ್ದರಂತೆ, ಅದನ್ನು ಮುಟ್ಟಲು ಸರದಿ ಬಂದದ್ದು ಒಂದೇ ಸಲ. ಅವಳು ಆ ದಿನ ಅತ್ತುಬಿಟ್ಟಳು. ಈಗ ನನ್ನ ತಂಡದಲ್ಲಿ ಅವಳೇ ಎಲ್ಲರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆರು ತಿಂಗಳು ಜೊತೆಗಿದ್ದು ಕಲಿಸಬೇಕಾಯಿತು, ಅಷ್ಟೇ.

ಮಣಿಪಾಲ, ಮಂಗಳೂರಿನಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜು ಇವೆ. ಮಣಿಪಾಲದ ಕೆಎಂಸಿ ಶುರುವಾದದ್ದೇ 1953ರಲ್ಲಿ. ಆರೈಕೆ ಕೋರ್ಸ್ ನಡೆಸುವ ಪ್ರತಿ ಕೇಂದ್ರವೂ ಒಂದು ಆಸ್ಪತ್ರೆಯ ವಾರ್ಡಿಗೆ ಕಡ್ಡಾಯವಾಗಿ ಸೇರಿರಬೇಕು, ವಾರ್ಡಿನಲ್ಲಿ ಇಷ್ಟು ಗಂಟೆ ಕಳೆಯದೆ ಪರೀಕ್ಷೆ ಇಲ್ಲ ಅಂತ ನಿಯಮ ಮಾಡಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಹಾಗಂತ ಆ ಮಕ್ಕಳನ್ನು ಬಿಟ್ಟಿ ಕೆಲಸದವರಂತೆ ಬಳಸಿಕೊಳ್ಳುವುದೂ ಆಗಬಾರದು. ಅದನ್ನೂ ನೋಡಿದ್ದೇನೆ.

ಮೂಡಬಿದಿರೆ ಕೋಪಾ

ಎಲ್ಲರೂ ಒಂದೇ ಕಡೆಯಿಂದ ಮಾತಾಡುತ್ತಿದ್ದೀರಿ, ನಾನು ಇನ್ನೊಂದು ಕಡೆಯಿಂದ ಹೇಳಲೇಬೇಕು. ಬೇಜಾರು ಮಾಡಬೇಡಿ.

ನಾನು ಐಟಿಐಯಲ್ಲಿ ಕೋಪಾ, ಅಂದರೆ ಕಂಪ್ಯೂಟರ್ ಆಪರೇಟರ್ ಟ್ರೇಡ್ ಮಾಡಿದವಳು, ಈಗ ಮಂಗಳೂರಿನ ಒಂದು ಕಂಪನಿಯಲ್ಲಿ ಡೇಟಾ ಕೆಲಸದಲ್ಲಿದ್ದೇನೆ. ನಮ್ಮ ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಸಿಪ್ಪೆಯ ಎಣ್ಣೆ ತಾಗಿ ಬೆರಳಿನ ತುದಿ ಸುಟ್ಟು ಕಪ್ಪಾಗಿದೆ, ಈಗಲೂ ಹೋಗಿಲ್ಲ. ನಾನು ಟ್ರೇಡ್ ಆರಿಸುವಾಗ ಅಮ್ಮ ಹೇಳಿದ್ದು ಒಂದೇ, ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಕಲಿ ಮಗಾ ಅಂತ.

ಈಗ ನೀವು "ಜಿಲ್ಲೆಗೆ ಬೇಕಾದ ಕೌಶಲ್ಯ" ಅಂತ ಪಟ್ಟಿ ಮಾಡುತ್ತೀರಿ. ಪಟ್ಟಿಯಲ್ಲಿ ಯಾರಿಗೆ ಬೇಕಾದದ್ದು ಇರುತ್ತದೆ? ಮಾಲೀಕರಿಗೆ ಬೇಕಾದದ್ದೋ, ನಮಗೆ ಬೇಕಾದದ್ದೋ? ಗೇರುಬೀಜದ ಫ್ಯಾಕ್ಟರಿಗೆ ಹೆಂಗಸರು ಬೇಕು ಅಂತ ಸಮಿತಿಯಲ್ಲಿ ಬರೆದರೆ ಕೋಪಾ ಸೀಟ್ ಕಡಿಮೆ ಮಾಡಿ ಅದನ್ನು ಜಾಸ್ತಿ ಮಾಡುತ್ತೀರಾ? ಹುಡುಗರು ಗಲ್ಫಿಗೆ ಹೋಗಲು ವೆಲ್ಡಿಂಗ್ ಕಲಿತರೆ ಅದು ಜಿಲ್ಲೆಯ ಅಗತ್ಯ ಅಲ್ವಾ? ನಮ್ಮ ಎಷ್ಟು ಮನೆಗಳು ಎದ್ದು ನಿಂತದ್ದೇ ಗಲ್ಫ್ ದುಡ್ಡಿನಿಂದ. ಕೆಲಸಕ್ಕೆ ಜನ ಸಿಗುವುದಿಲ್ಲ ಅನ್ನುವವರು ಸಂಬಳ ಎಷ್ಟು ಅಂತ ಮಾತ್ರ ಎಲ್ಲೂ ಬರೆಯುವುದಿಲ್ಲ. ಕಾಪು ಸಿಸ್ಟರ್, ನಿಮ್ಮ ಬಗ್ಗೆ ಹೇಳುತ್ತಿಲ್ಲ, ಆದರೆ ಹೋಮ್ ನರ್ಸ್‌ಗೆ ಇಪ್ಪತ್ನಾಲ್ಕು ಗಂಟೆ ಕೆಲಸ, ಅಡುಗೆಮನೆಯಲ್ಲಿ ಚಾಪೆ ಹಾಕಿ ಮಲಗುವುದು, ಇದನ್ನು ಕೌಶಲ್ಯದ ಕೊರತೆ ಅಂತ ಹೇಗೆ ಕರೆಯುವುದು?

ಕಾಪು ಸಿಸ್ಟರ್

ತಂಗಿ, ನೀನು ಹೇಳಿದ್ದು ಸತ್ಯ. ಹನ್ನೆರಡು ಗಂಟೆಗಿಂತ ಜಾಸ್ತಿ ಪಾಳಿ ನಾನು ಒಪ್ಪುವುದಿಲ್ಲ, ಅದಕ್ಕೆ ಕೆಲವು ಮನೆಯವರು ಬೇರೆಯವರ ಹತ್ತಿರ ಹೋಗುತ್ತಾರೆ. ಹೋಗಲಿ.

ಬೈಕಂಪಾಡಿ ಫ್ಯಾಬ್ರಿಕೇಟರ್

ಮೂಡಬಿದಿರೆಯ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ರಾತ್ರಿ ಇಡೀ ಅದೇ ಯೋಚನೆ. ನಾನು ಮೊದಲು ಬರೆದದ್ದರಲ್ಲಿ ಒಂದು ದೊಡ್ಡ ತೂತು ಇತ್ತು, ಅದನ್ನು ತಿದ್ದುತ್ತೇನೆ.

ಬೇಡಿಕೆ ಇದೆ ಅಂತ ಹೇಳುವುದು ಸುಲಭ. ಮೀಟಿಂಗಿನಲ್ಲಿ ನಮ್ಮಂಥವರು ಎದ್ದು ನಿಂತು ನಮಗೆ ಇನ್ನೂರು ಜನ ಬೇಕು ಅಂದುಬಿಡುತ್ತೇವೆ, ಯಾರೂ ಸಹಿ ಮಾಡುವುದಿಲ್ಲ. ಆ ಇನ್ನೂರನ್ನು ನಂಬಿ ಕೇಂದ್ರದವರು ಬ್ಯಾಚ್ ಮಾಡುತ್ತಾರೆ. ಆದ್ದರಿಂದ ಸಮಿತಿಯ ಮುಂದೆ ಬೇಡಿಕೆ ಇಡುವ ಮಾಲೀಕ ಒಂದು ಹಾಳೆಯಲ್ಲಿ ಬರೆದುಕೊಡಬೇಕು: ಇಂಥ ಕೆಲಸಕ್ಕೆ ಇಷ್ಟು ಜನ, ಸಂಬಳ ಇಷ್ಟು, ದಿನಕ್ಕೆ ಇಷ್ಟು ಗಂಟೆ, ಕಲಿಯುವಾಗಲೇ ಇಷ್ಟು ಮಕ್ಕಳನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತೇನೆ. ಸಂಬಳ ಬರೆಯದ ಬೇಡಿಕೆಯನ್ನು ಲೆಕ್ಕಕ್ಕೇ ಹಿಡಿಯಬಾರದು. ಆ ಹಾಳೆ ಕೇಂದ್ರದ ಗೋಡೆಯ ಮೇಲೆ ಇರಲಿ. ಹುಡುಗ ಹುಡುಗಿಯರು ಓದಿ ಆರಿಸಿಕೊಳ್ಳಲಿ. ಯಾವ ಟ್ರೇಡನ್ನೂ ಯಾರ ಮೇಲೂ ಹೊರಿಸುವುದು ಬೇಡ, ಗಲ್ಫಿಗೆ ಹೋಗಿ ಅದೇ ಕೆಲಸ ಮಾಡಿದರೆ ಅದೂ ಲೆಕ್ಕಕ್ಕೆ ಬರಲಿ.

ಅಪ್ರೆಂಟಿಸ್ ಕಾಯ್ದೆ 1961ರದ್ದು. ಈಗಿನ ನಿಯಮದಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಒಟ್ಟು ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳುವುದು ಕಡ್ಡಾಯ, ಕಂಟ್ರಾಕ್ಟ್ ಜನರನ್ನೂ ಸೇರಿಸಿಯೇ ಎಣಿಸಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಇದ್ದರೆ ನಮ್ಮ ಇಷ್ಟ. ನನ್ನಲ್ಲಿ ಹನ್ನೊಂದು ಜನ, ನನಗೆ ಕಡ್ಡಾಯ ಇಲ್ಲ. ಸ್ಟೈಪೆಂಡಿನಲ್ಲಿ ನಾಲ್ಕನೇ ಒಂದು ಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಕೊಡುತ್ತದೆ ಅಂತ ನನಗೆ ಗೊತ್ತಾದದ್ದೇ ಮೊನ್ನೆ, ಜೆಟಿಒ ಸರ್ ಮೆಸೇಜ್ ಮಾಡಿದ ಮೇಲೆ. ಇಬ್ಬರಿಗೆ ಅರ್ಜಿ ಹಾಕುತ್ತಿದ್ದೇನೆ. ಬೈಕಂಪಾಡಿಯಲ್ಲಿ ನನ್ನಂಥ ಸಣ್ಣ ವರ್ಕ್‌ಶಾಪ್ ಎಷ್ಟಿಲ್ಲ? ಒಬ್ಬೊಬ್ಬರು ಒಂದೊಂದು ಮಗುವನ್ನು ತೆಗೆದುಕೊಂಡರೂ ಅದು ಎರಡು ಬ್ಯಾಚಿಗೆ ಸಮ.

ತರಬೇತಿ ಕೇಂದ್ರ ನಡೆಸುವವ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನಾನು ಉಡುಪಿ ಜಿಲ್ಲೆಯಲ್ಲಿ ಒಂದು ಕೇಂದ್ರ ನಡೆಸುತ್ತೇನೆ. ಎಲ್ಲರನ್ನೂ ಕಳ್ಳರು ಅಂತ ಮಾಡಬೇಡಿ ಮಾರಾಯ್ರೆ.

ನಮ್ಮ ಕಷ್ಟವನ್ನೂ ಕೇಳಿ. ಸರ್ಕಾರಿ ಯೋಜನೆಯ ದುಡ್ಡು ಕಂತಿನಲ್ಲಿ ಬರುತ್ತದೆ, ಒಂದೊಂದು ಕಂತು ತಿಂಗಳುಗಟ್ಟಲೆ ತಡ. ಬಾಡಿಗೆ, ಟ್ರೈನರ್ ಸಂಬಳ, ಕರೆಂಟ್ ಬಿಲ್ ಕಾಯುವುದಿಲ್ಲ. ವೆಲ್ಡಿಂಗ್ ಬ್ಯಾಚಿಗೆ ರಾಡ್, ಪ್ಲೇಟ್, ಗ್ಯಾಸ್ ಅಂತ ದಿನಾ ಖರ್ಚು. ಬ್ಯೂಟಿಷಿಯನ್, ಡೇಟಾ ಎಂಟ್ರಿ ಮಾಡಿದರೆ ಖರ್ಚು ತುಂಬಾ ಕಡಿಮೆ. ಯಾರಾದರೂ ಯಾವುದನ್ನು ಆರಿಸುತ್ತಾರೆ ಹೇಳಿ. ಖರ್ಚಿನ ಕೋರ್ಸಿಗೆ ಗಂಟೆಗೆ ಸ್ವಲ್ಪ ಜಾಸ್ತಿ ದರ ಕೊಡುತ್ತಾರೆ ನಿಜ, ಆದರೆ ಅದು ರಾಡಿನ ಖರ್ಚಿಗೆ ಸಾಕಾಗುವುದಿಲ್ಲ. ಕಚ್ಚಾವಸ್ತುವಿನ ಖರ್ಚನ್ನು ಬೇರೆಯಾಗಿ, ಬಿಲ್ ನೋಡಿ ಕೊಡಿ. ಒಬ್ಬ ಹುಡುಗ ಕನಿಷ್ಠ ಇಷ್ಟು ಕಿಲೋ ರಾಡ್ ಸುಡಬೇಕು ಅಂತ ನಿಯಮ ಮಾಡಿ, ನಾನೇ ಮೊದಲು ಸಹಿ ಹಾಕುತ್ತೇನೆ.

ಎರಡು ವರ್ಷದ ಲೆಕ್ಕ ಅಂದಿರಲ್ಲ, ಅದು ಕಷ್ಟ. ಹುಡುಗರು ನಂಬರ್ ಬದಲಾಯಿಸುತ್ತಾರೆ, ಫೋನ್ ಎತ್ತುವುದಿಲ್ಲ. ಹುಡುಗಿಯರು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ. ಕೇಂದ್ರದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲೇ (ಪಿಎಂಕೆವಿವೈ) ನೋಡಿ. 2015-16ರಿಂದ 2021-22ರವರೆಗಿನ ಮೊದಲ ಮೂರು ಸುತ್ತಿನಲ್ಲಿ ಕೆಲಸ ಸಿಕ್ಕಿತಾ ಅಂತ ಲೆಕ್ಕ ಇಡುತ್ತಿದ್ದರು, ನಾಲ್ಕನೇ ಸುತ್ತಿನಲ್ಲಿ ಅದನ್ನು ಬಿಟ್ಟುಬಿಟ್ಟರು. ಸರ್ಕಾರಕ್ಕೇ ಆಗದ್ದನ್ನು ನಾವು ಹೇಗೆ ಮಾಡುವುದು?

ವಿಟ್ಲ ತೋಟ

ಆಗುತ್ತದೆ ಸರ್. ನಮ್ಮ ಊರಿನಲ್ಲೇ ಆಗಿದೆ. ಹಳ್ಳಿಯ ಯುವಕರಿಗೆ ಸ್ವಉದ್ಯೋಗ ಕಲಿಸುವ ಉಜಿರೆಯ ರುಡ್‌ಸೆಟಿ ನೋಡಿಲ್ಲವಾ?

1982ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಒಂದು ಬ್ಯಾಂಕ್ ಮಣಿಪಾಲದ್ದು, ಒಂದು ಮಂಗಳೂರಿನದ್ದು, ಎರಡೂ ನಮ್ಮ ನೆಲದವೇ. ಊಟ ವಸತಿ ಸಹಿತ ಪುಕ್ಕಟೆ ತರಬೇತಿ, ಸಣ್ಣ ಬ್ಯಾಚ್, ಕೆಲವೇ ವಾರ. ಆದರೆ ಅವರ ಅಸಲಿ ಕೆಲಸ ಶುರುವಾಗುವುದು ಕೋರ್ಸ್ ಮುಗಿದ ಮೇಲೆ. ಎರಡು ವರ್ಷ ಬೆನ್ನು ಬಿಡುವುದಿಲ್ಲ. ನಾನು ಅಲ್ಲಿ ಕಲಿತು ಬಂದವನು, ಪಂಪ್‌ಸೆಟ್ ರಿಪೇರಿ. ಕಾರ್ಡ್ ಬರೆಯುತ್ತಿದ್ದರು, ಆಮೇಲೆ ಒಂದು ದಿನ ಬೈಕಿನಲ್ಲಿ ಮನೆಗೇ ಬಂದರು. ಅಂಗಡಿ ಹಾಕಲಿಕ್ಕೆ ಏನು ಅಡ್ಡಿ ಅಂತ ಕೇಳಿದರು. ಬ್ಯಾಂಕಿನಲ್ಲಿ ಸಾಲ ಸಿಕ್ಕಿಲ್ಲ ಅಂದೆ. ಮುಂದಿನ ವಾರ ನನ್ನ ಜೊತೆ ಬ್ಯಾಂಕಿಗೆ ಬಂದರು. ಆಗ ಮೊಬೈಲ್ ಇರಲಿಲ್ಲ ಸರ್, ನಂಬರ್ ಬದಲಾಗುವ ಪ್ರಶ್ನೆಯೇ ಇಲ್ಲ, ಮನೆ ಹುಡುಕಿಕೊಂಡೇ ಬರಬೇಕಿತ್ತು.

ಅದನ್ನೇ ನೋಡಿ 2009ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ಜಿಲ್ಲೆಗೂ ಅದೇ ಮಾದರಿಯ ಆರ್‌ಸೆಟಿ ಬೇಕು ಅಂತ ತೀರ್ಮಾನ ಮಾಡಿದ್ದು. ಇಡೀ ದೇಶ ಉಜಿರೆ ನೋಡಿ ಕಲಿಯಿತು, ಉಜಿರೆಯಿಂದ ಎಪ್ಪತ್ತು ಕಿಲೋಮೀಟರ್ ದೂರದ ಕೇಂದ್ರಕ್ಕೆ ಅದು ಆಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಹಾಗೆಯೇ ಅಡಿಕೆ ತೋಟದ ವಿಷಯವನ್ನೂ ಸೇರಿಸಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಮರ ಹತ್ತುವವರೇ ಇಲ್ಲ. ಈಗ ಫೈಬರ್ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಕೊನೆ ಕೊಯ್ಯಬಹುದು. ಆದರೆ ಅಷ್ಟುದ್ದದ ದೋಟಿಯನ್ನು ಬೀಳದ ಹಾಗೆ ನಿಲ್ಲಿಸಿ ಹಿಡಿಯುವುದು ಒಂದು ವಿದ್ಯೆ, ನಾಲ್ಕು ದಿನ ಕಲಿಸಿದರೆ ಬರುತ್ತದೆ. ಕರೆಂಟ್ ಲೈನ್ ಹತ್ತಿರ ಹೇಗೆ ಹಿಡಿಯಬಾರದು ಅಂತ ಅದಕ್ಕಿಂತ ಮೊದಲು ಕಲಿಸಬೇಕು. ಕಲಿತವರಿಗೆ ಸೀಸನ್ನಿನಲ್ಲಿ ಬಿಡುವೇ ಇಲ್ಲದಷ್ಟು ಕೆಲಸ, ಒಳ್ಳೆಯ ಕೂಲಿ.

ಸುರತ್ಕಲ್ ಎಸಿ ಮೆಕ್ಯಾನಿಕ್

ಒಂದು ಸಣ್ಣ ಮಾತು. ಪುಸ್ತಕದಲ್ಲಿ ಎಸಿ ರಿಪೇರಿ ಎಲ್ಲ ಊರಿಗೂ ಒಂದೇ. ನಮ್ಮ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಔಟ್‌ಡೋರ್ ಯೂನಿಟ್ಟಿನ ಫಿನ್ನುಗಳು ಎರಡು ಮೂರು ವರ್ಷದಲ್ಲಿ ಬಿಳಿ ಪುಡಿಯಾಗಿ ಉದುರುತ್ತವೆ. ಗ್ಯಾಸ್ ಲೀಕ್ ಅಂತ ಬರುವ ಕಂಪ್ಲೇಂಟ್ ಹೆಚ್ಚಿನದು ಇದೇ. ಸಿಹಿನೀರಿನಲ್ಲಿ ಆಗಾಗ ತೊಳೆಯುವುದು, ಕೋಟಿಂಗ್ ಮಾಡುವುದು, ಯೂನಿಟ್ಟನ್ನು ಗಾಳಿಗೆ ಅಡ್ಡ ಸಿಗದ ಮೂಲೆಗೆ ಕೂರಿಸುವುದು, ಇದನ್ನೆಲ್ಲ ನಾನು ಕಲಿತದ್ದು ತಪ್ಪು ಮಾಡಿ ಮಾಡಿ. ಮನೆ ವೈರಿಂಗ್ ಕೂಡ ಹಾಗೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬರುವ ಊರಿನಲ್ಲಿ ಅರ್ಥಿಂಗ್ ಬಗ್ಗೆ ಒಂದೇ ಪಾಠ ಸಾಕಾ? ಸಿಲೆಬಸ್ ದೆಹಲಿಯದ್ದೇ ಇರಲಿ, ನೂರರಲ್ಲಿ ಹತ್ತು ಹದಿನೈದು ಗಂಟೆ ಊರಿನ ಪಾಠಕ್ಕೆ ಬಿಡಿ. ಕಲಿಸಲು ನಮ್ಮಂಥವರನ್ನು ಕರೆಯಿರಿ, ಬರುತ್ತೇವೆ.

ನಿವೃತ್ತ ಜೆಟಿಒ, ಕದ್ರಿ

ಎಸಿ ಮೆಕ್ಯಾನಿಕ್ ಹೇಳಿದ್ದು ನನ್ನ ಮನಸ್ಸಿನ ಮಾತು. ಈ ಊರಿಗೆ ಇದು ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು, 1874ರಲ್ಲಿ ಮೆಕ್ಯಾನಿಕಲ್ ವರ್ಕ್‌ಶಾಪ್. ನೇತ್ರಾವತಿ, ಗುರುಪುರ ನದಿಯ ಜೇಡಿ ಯಾವುದು ಹಂಚಿಗೆ ಆಗುತ್ತದೆ ಅಂತ ನೋಡಿ, ಇಲ್ಲಿನ ಜನರ ಕೈಗೇ ಕಲಿಸಿದರು. ಮಂಗಳೂರು ಹಂಚು ಅಂತ ಹೆಸರಾದದ್ದು ಹಾಗೆ. ಮಣ್ಣು, ಕೆಲಸ, ಕಲಿಕೆ ಮೂರೂ ಒಂದೇ ಅಂಗಳದಲ್ಲಿತ್ತು.

ಕೇಂದ್ರದವರೇ, ನಿಮ್ಮ ಕಚ್ಚಾವಸ್ತುವಿನ ಮಾತು ನ್ಯಾಯ. ಅದನ್ನು ಖಂಡಿತ ಸೇರಿಸಬೇಕು. ಆದರೆ ಎರಡು ವರ್ಷದ ಲೆಕ್ಕ ಬಿಡುವಂತಿಲ್ಲ. ಎಲ್ಲರನ್ನೂ ನೀವೇ ಹುಡುಕಬೇಕಾಗಿಲ್ಲ. ಪ್ರತಿ ಬ್ಯಾಚಿನಿಂದ ಚೀಟಿ ಎತ್ತಿದ ಹಾಗೆ ಐದು ಹೆಸರು ತೆಗೆದು, ಸಮಿತಿಯವರು ಯಾರಾದರೂ ಮನೆಗೆ ಹೋಗಿ ನೋಡಿ ಬರಲಿ. ಮದುವೆಯಾಗಿ ಹೋದವಳು, ಓದು ಮುಂದುವರಿಸಿದವನು ಇದ್ದರೆ ಹಾಗೆಂದೇ ಬರೆಯಲಿ, ಅದು ಸೋಲಲ್ಲ.

ಮತ್ತೆ ಖಾಸಗಿ ಡಿಪ್ಲೊಮಾ ಬಗ್ಗೆ ಯಾರೂ ಮಾತಾಡಿಲ್ಲ. ಫೈರ್ ಆಂಡ್ ಸೇಫ್ಟಿ, ಏವಿಯೇಷನ್, ಪ್ಯಾರಾಮೆಡಿಕಲ್ ಅಂತ ಬೋರ್ಡ್, ನೂರು ಶೇಕಡಾ ಪ್ಲೇಸ್‌ಮೆಂಟ್ ಅಂತ ಜಾಹೀರಾತು. ಸರ್ಕಾರದ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಯಾವ ಯೋಜನೆಯ ತಪಾಸಣೆಯೂ ಅವರಿಗೆ ಬರುವುದಿಲ್ಲ. ನನ್ನ ಹತ್ತಿರ ಸಲಹೆ ಕೇಳಲು ಬರುವ ತಂದೆತಾಯಿಗೆ ನಾನು ಮೂರೇ ಪ್ರಶ್ನೆ ಕೇಳಲು ಹೇಳುತ್ತೇನೆ. ಈ ಸರ್ಟಿಫಿಕೇಟ್ ಕೊಡುವವರು ಯಾರು, ನೀವೋ ಬೇರೆ ಸಂಸ್ಥೆಯೋ? ಪ್ಯಾರಾಮೆಡಿಕಲ್ ಆದರೆ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಪತ್ರ ತೋರಿಸಿ. ಎರಡು ವರ್ಷದ ಹಿಂದಿನ ಬ್ಯಾಚಿನ ಐದು ಜನರ ಫೋನ್ ನಂಬರ್ ಕೊಡಿ. ಮೂರನೇ ಪ್ರಶ್ನೆಗೆ ಉತ್ತರ ಬರದಿದ್ದರೆ ಎದ್ದು ಬನ್ನಿ ಅಂತ ಹೇಳುತ್ತೇನೆ.

ಮೂಡಬಿದಿರೆ ಕೋಪಾ

ಸಂಬಳ, ಗಂಟೆ ಎರಡನ್ನೂ ಬರೆದು ಗೋಡೆಗೆ ಹಾಕುವುದಾದರೆ ನನ್ನ ಪೂರ್ತಿ ಒಪ್ಪಿಗೆ. ಇನ್ನೊಂದು ಸಾಲು ಸೇರಿಸಿ: ಶೌಚಾಲಯ ಉಂಟಾ, ಕೊನೆಯ ಬಸ್ಸಿನ ಮೊದಲು ಬಿಡುತ್ತಾರಾ. ನಮ್ಮ ಬ್ಯಾಚಿನ ಇಬ್ಬರು ಹುಡುಗಿಯರು ಫಿಟ್ಟರ್ ಸೇರಬೇಕು ಅಂತ ಇದ್ದರು, ಕೊನೆಗೆ ಸೇರದೇ ಇದ್ದದ್ದು ಬರೀ ಇದೇ ಕಾರಣಕ್ಕೆ. ಕೆಲಸ ಬರುವುದಿಲ್ಲ ಅಂತಲ್ಲ.

ಮಲ್ಪೆ ದಕ್ಕೆ

ಇಷ್ಟೆಲ್ಲ ಬರೆದದ್ದು ಇಲ್ಲೇ ಉಳಿಯಬಾರದು. ಇಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನವರು ನಾರ್ವೆಗೆ ಹಡಗು ಕಟ್ಟುತ್ತಿದ್ದಾರೆ. ಹಡಗಿನ ವೆಲ್ಡರ್ ಆಗಬೇಕಾದರೆ ಹಡಗಿನ ಗುಣಮಟ್ಟ ನೋಡುವ ಸರ್ವೇಯರ್ ಎದುರು ಟೆಸ್ಟ್ ಪ್ಲೇಟ್ ಬೆಸೆದು ಪಾಸಾಗಬೇಕು. ಬಂದರಿನ ಗೇಟಿನಿಂದ ಕಾಣುವ ಹಡಗಿಗೆ ನಮ್ಮ ಮಕ್ಕಳು ವೆಲ್ಡಿಂಗ್ ಮಾಡಬೇಕು ಅಂತ ನನ್ನ ಆಸೆ, ಅಷ್ಟೇ.

ನಾನು ಬೋಟ್ ಮಾಲೀಕರ ಹತ್ತಿರ ಮಾತಾಡಿದೆ. ಆರು ಜನ ಹಾಳೆಯಲ್ಲಿ ಸಹಿ ಹಾಕಲು ತಯಾರು: ಎಂಜಿನ್ ಕಲಿತ ಒಬ್ಬ ಕಲಾಸಿ (ಬೋಟಿನ ಕೆಲಸಗಾರ) ಬೋಟಿನಲ್ಲಿದ್ದರೆ ಅವನಿಗೆ ಪಾಲಿನ ಮೇಲೆ ಬೇರೆ ದುಡ್ಡು, ಎಷ್ಟು ಅಂತ ಬರೆದೇ ಕೊಡುತ್ತಾರೆ. ಕಲಿಸಲು ಹಳೆ ಎಂಜಿನ್ ಒಂದು ನಮ್ಮ ಶೆಡ್ಡಿನಲ್ಲಿ ಬಿದ್ದಿದೆ, ಬೇಕಾದರೆ ಇವತ್ತೇ ಕೊಡುತ್ತೇನೆ.

ತರಬೇತಿ ಕೇಂದ್ರ ನಡೆಸುವವ

ಎಂಜಿನ್ ಕೊಡುತ್ತೀರಿ ಅಂದರೆ ನನ್ನಲ್ಲಿ ಜಾಗ ಉಂಟು. ಕಲಿಸುವವರು ಬೇಕು. ಹಳೆಯ ಬ್ಯಾಚಿನವರ ಪಟ್ಟಿಯನ್ನೂ ತೆಗೆಯುತ್ತಿದ್ದೇನೆ, ಎರಡು ವರ್ಷದ ಹಿಂದಿನದು. ಇವತ್ತು ಹನ್ನೆರಡು ಜನಕ್ಕೆ ಫೋನ್ ಮಾಡಿದೆ, ಏಳು ಜನ ಸಿಕ್ಕಿದರು. ಕಲಿತ ಕೆಲಸದಲ್ಲೇ ಇರುವವರು ಮೂವರು. ಬರೆದು ಹಾಕುತ್ತೇನೆ ಬಾಗಿಲಿಗೆ.

ಬೈಕಂಪಾಡಿ ಫ್ಯಾಬ್ರಿಕೇಟರ್

ದೊಡ್ಡ ಮನಸ್ಸು ನಿಮ್ಮದು. ಆ ಮೂವರು ಏನು ಕಲಿತದ್ದು, ಉಳಿದ ನಾಲ್ವರು ಯಾಕೆ ಬಿಟ್ಟದ್ದು ಅಂತಲೂ ಕೇಳಿ ಬರೆಯಿರಿ.

ಜೆಟಿಒ ಸರ್ ಮನವಿಯ ಕರಡು ಮಾಡುತ್ತೇನೆ ಅಂದಿದ್ದಾರೆ, ಎರಡೂ ಜಿಲ್ಲೆಯ ಕೌಶಲ್ಯ ಸಮಿತಿಗೆ ಬೇರೆ ಬೇರೆ. ಮಾಲೀಕರ ಹಾಳೆ ನಾನು ತಯಾರಿಸುತ್ತೇನೆ, ಸಂಬಳದ ಸಾಲು ಮೊದಲನೆಯದು, ಬಸ್ಸು ಮತ್ತು ಶೌಚಾಲಯದ ಸಾಲು ಎರಡನೆಯದು. ಭಾನುವಾರದೊಳಗೆ ನೋಡಿ ತಿದ್ದಿ ಹೇಳಿ. ಮಲ್ಪೆಯ ಬ್ಯಾಚ್ ಜೂನ್ 1ಕ್ಕೆ ಶುರುವಾಗಬೇಕಾದರೆ ಮನವಿ ಏಪ್ರಿಲ್ ಒಳಗೆ ಹೋಗಬೇಕು.

ನಮ್ಮ ಹುಡುಗ ಇವತ್ತು ಕರೆಂಟನ್ನು ತಾನೇ 110ಕ್ಕೆ ಏರಿಸಿ ಒಂದು ಅಡಿ ಲೈನ್ ಎಳೆದ. ಬೆಸುಗೆಯ ಮೇಲಿನ ಗಟ್ಟಿ ಪದರ, ಸ್ಲ್ಯಾಗ್, ತಟ್ಟಿದಾಗ ಪೂರ್ತಿ ಒಂದೇ ಸಿಪ್ಪೆಯಾಗಿ ಎದ್ದು ಬಂತು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದ.